ಲುಸ್ವೇಟಿ ಮಾವನ ಹುಂಜ

ನೆಕೋಯೆಗೆ ರೇಗಿ ಹೋಗಿತ್ತು. ನೈರೋಬಿಗೆ ಬಂದು ಒಂದೂವರೆ ದಿನ ಆಗಿತ್ತು. ಅಷ್ಟರಲ್ಲಿ ಅವಳು ನೋಡಿದ್ದು ಗಂಡನ ಕಡೆಯವರ ನಾಲ್ಕು ಮನೆಗಳ ಸೋಫಾ, ಕುಡಿದದ್ದು ಹನ್ನೊಂದು ಲೋಟ ಹಾಲಿನ ಚಹಾ. ಪ್ರಾಣಿ ಅಂತ ಕಣ್ಣಿಗೆ ಬಿದ್ದದ್ದು ಯಾವುದೋ ನೆಂಟರ ಮನೆಯ ಬೆಕ್ಕು ಒಂದೇ.

ಬಂಗೋಮಾ ಕಡೆಯ ಹಳ್ಳಿ ಶಾಲೆಯಲ್ಲಿ ಅವಳು ಮೂವತ್ತನಾಲ್ಕು ವರ್ಷದಿಂದ ಮೂರನೇ ಕ್ಲಾಸಿನ ಟೀಚರು. ಗೋಡೆಯ ಪಟದಲ್ಲಿನ ಘೇಂಡಾಮೃಗಕ್ಕೆ ಕೋಲು ತಗುಲಿಸಿ ತಗುಲಿಸಿ ಅದರ ಕೊಂಬಿನ ಬಣ್ಣವೇ ಅಳಿಸಿಹೋಗಿತ್ತು. ಹೋದ ತಿಂಗಳು ಒಬ್ಬ ಹುಡುಗಿ ಎದ್ದು ನಿಂತು, "ಟೀಚರ್, ನೀವು ನಿಜವಾಗ್ಲೂ ನೋಡಿದೀರಾ?" ಅಂದುಬಿಟ್ಟಳು. ಇಲ್ಲ ಅನ್ನಬೇಕಾಯಿತು. ನವೆಂಬರಿಗೆ ನಿವೃತ್ತಿ. ಅಷ್ಟರೊಳಗೆ ಒಂದು ಸಲವಾದರೂ ಅದೇ ಕ್ಲಾಸಿನಲ್ಲಿ ನಿಂತು ಹೌದು ಅನ್ನಬೇಕು, ಇಷ್ಟೇ ಅವಳ ಆಸೆ.

ಹಾಗೆ ನೋಡಿದರೆ ಯಾವತ್ತೋ ನೋಡಬಹುದಿತ್ತು. ನೈರೋಬಿಯ ಅಂಚಿನಲ್ಲೇ ಇರುವ ಮೃಗಗಳ ಕಾಡಿಗೆ ಶಾಲೆಯ ಟ್ರಿಪ್ಪು ಎರಡು ಸಲ ಹೋಗಿತ್ತು. ಆದರೆ ಮದುವೆಯಾದ ಹೊಸದರಲ್ಲಿ ಗಂಡ ಕುಂಡು, "ಘೇಂಡಾಮೃಗ ತಾನೆ? ನಾನೇ ಕರ್ಕೊಂಡು ಹೋಗಿ ತೋರಿಸ್ತೀನಿ" ಅಂದಿದ್ದ. ಎರಡು ಸಲವೂ ಇವಳು, "ನಮ್ಮನೆಯವರು ಕರ್ಕೊಂಡು ಹೋಗ್ತಾರೆ" ಅಂತ ಜಂಬದಿಂದ ಊರಲ್ಲೇ ಉಳಿದಳು. ಮಾತು ಕೊಟ್ಟವನು ಆ ಮಾತು ಎತ್ತಿದ್ದು ಮೂವತ್ತಾರು ವರ್ಷ ಆದಮೇಲೆ, ಟರ್ಮಿನ ನಡುವಿನ ನಾಲ್ಕು ದಿನದ ರಜೆಯಲ್ಲಿ. ಎತ್ತಿದವನು ಸುಮ್ಮನಿದ್ದನೇ? ಹೊರಡುವ ಮುಂಚೆ ನೈರೋಬಿಯಲ್ಲಿದ್ದ ನೆಂಟರಿಗೆಲ್ಲ ಫೋನು ಹಚ್ಚಿ, ಬರ್ತಾ ಇದೀವಿ ಅಂತ ಡಂಗುರ ಸಾರಿದ.

"ಊರಿಗೆ ಬಂದು ಮನೆಗೆ ಬರಲಿಲ್ಲ ಅಂದ್ರೆ ನಾಳೆ ಮುಖ ಹೆಂಗೆ ತೋರಿಸೋದು?" ಅನ್ನುತ್ತಿದ್ದ.

"ಘೇಂಡಾಮೃಗಕ್ಕೆ ಹೆಂಗೆ ತೋರಿಸ್ತೀರಿ, ಅದನ್ನ ಯೋಚನೆ ಮಾಡಿ" ಅನ್ನುತ್ತಿದ್ದಳು ನೆಕೋಯೆ.

ಶನಿವಾರ, ಕೊನೆಯ ದಿನ. ಎರಡು ಗಂಟೆಗೆ ವ್ಯಾನು ಗೊತ್ತುಮಾಡಿತ್ತು. ಕಾಡು ನೋಡಿಕೊಂಡು ಸೀದಾ ಊರಿನ ಬಸ್ಸು ಹತ್ತುವುದು ಅಂತ ಲಾಡ್ಜಿನ ರೂಮು ಬಿಟ್ಟು, ಚೀಲ ಹಿಡಿದೇ ಲುಸ್ವೇಟಿ ಮಾವನ ಮನೆಗೆ ಊಟಕ್ಕೆ ಹೋದರು. ಲುಸ್ವೇಟಿ ಅಂದರೆ ಕುಂಡುವಿನ ಸೋದರಮಾವ. ಕೋಳಿ, ಉಗಾಲಿ ಅನ್ನುವ ಜೋಳದ ಹಿಟ್ಟಿನ ಮುದ್ದೆ, ಸೊಪ್ಪು, ಮೇಲೆ ಮತ್ತೆ ಚಹಾ. ಬಾಗಿಲಲ್ಲಿ ವ್ಯಾನಿನ ಹಾರ್ನು ಬಡಿದುಕೊಳ್ಳುತ್ತಿರುವಾಗ ಮುದುಕ ಹಿತ್ತಲಿಗೆ ಹೋಗಿ, ಕಾಲು ಕಟ್ಟಿದ ಒಂದು ಕೆಂಪು ಹುಂಜವನ್ನು ತಂದು ಕುಂಡುವಿನ ಕೈಗಿಟ್ಟ.

"ತಂಗಿ ಮಗನ್ನ ಬರಿಗೈಲಿ ಕಳಿಸ್ತೀನೇನೋ? ನಿಮ್ಮವ್ವನಿಗೆ ನಾಳೆ ಫೋನ್ ಮಾಡಿ ಕೇಳ್ತೀನಿ, ಹುಂಜ ಮುಟ್ಟಿತಾ ಅಂತ."

ನೆಕೋಯೆ ಕಣ್ಣಲ್ಲೇ ಬೇಡ ಬೇಡ ಅಂದಳು. ಆದರೆ ಕೊಟ್ಟ ಹುಂಜವನ್ನು ಬೇಡ ಅನ್ನುವ ಗಂಡಸು ಅವರ ಕಡೆ ಇನ್ನೂ ಹುಟ್ಟಿಲ್ಲ. ಕುಂಡು ಎರಡೂ ಕೈಯಲ್ಲಿ ಇಸಕೊಂಡ.

ಕಾಡಿನ ಗೇಟಿನಲ್ಲಿ ಕಾವಲಿನ ಹೆಂಗಸು ವ್ಯಾನಿನೊಳಗೆ ಬಗ್ಗಿ ನೋಡಿದಳು. ಹುಂಜ ಅವಳ ಮುಖಕ್ಕೇ ಕೂಗಿತು.

"ಇದೇನು?"

"ಹುಂಜ" ಅಂದ ಕುಂಡು.

"ಅದು ಕಾಣ್ತದೆ. ಸಾಕಿದ ಪ್ರಾಣಿ ಒಳಗೆ ಬಿಡೋ ಹಾಗಿಲ್ಲ."

"ಕೆಳಗೆ ಇಳಿಸಲ್ಲಮ್ಮ, ಮಡಿಲಲ್ಲೇ ಇಟ್ಕೊಂಡಿರ್ತೀನಿ."

"ರೂಲ್ಸು ರೂಲ್ಸೇ."

"ಇಲ್ಲೇ ಒಂದು ಕಂಬಕ್ಕೆ ಕಟ್ಟಿ ಹೋಗಿ" ಅಂದ ವ್ಯಾನಿನ ಡ್ರೈವರ್ ಕಿಲೋಂಜೊ. ಹೆಂಗಸು ಬೆರಳೆತ್ತಿ ಗೋಡೆಯ ಮೇಲೆ ಸಾಲಾಗಿ ಕೂತಿದ್ದ ಬಬೂನು ಕೋತಿಗಳನ್ನು ತೋರಿಸಿದಳು. "ಕಟ್ಟಿ. ಆಮೇಲೆ ರೆಕ್ಕೆಪುಕ್ಕ ಆರಿಸ್ಕೊಂಡು ಹೋಗಿ. ನನ್ನ ಕೇಳ್ಬೇಡಿ."

"ಯಾರಿಗಾದ್ರೂ ಕೊಟ್ಟುಬಿಡ್ರೀ ಅದನ್ನ!" ನೆಕೋಯೆ ಕಿರುಚಿಯೇ ಬಿಟ್ಟಳು.

"ಕೊಡೋದಾ? ಮಾವನ ಹುಂಜಾನಾ? ನಾಳೆ ಅವ್ವ ಕೇಳಿದ್ರೆ?" ಕುಂಡು ವಾಚು ನೋಡಿಕೊಂಡ, ಹುಂಜ ನೋಡಿದ, ಆಮೇಲೆ ಹೆಂಡತಿಯನ್ನು ನೋಡದೆ ವ್ಯಾನಿನಿಂದ ಇಳಿದ. "ನೀನು ನೋಡ್ಕೊಂಡು ಬಾ, ನಮಾಲ್ವಾನ ಅವ್ವ. ನಾನು ಇಲ್ಲೇ ಕೂತಿರ್ತೀನಿ." ಮಗಳ ಹೆಸರು ಹಿಡಿದೇ ಅವಳನ್ನು ಕರೆಯುವುದು ಅವನ ರೂಢಿ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಮೂವತ್ತಾರು ವರ್ಷ ಕಾದದ್ದು ಈ ಚಂದಕ್ಕಾ! "ಹೋಗೋಣ ನಡೆಯಪ್ಪ" ಅಂದಳು ಡ್ರೈವರಿಗೆ. ತಿರುಗಿ ನೋಡಲಿಲ್ಲ.

ಎರಡು ಗಂಟೆ ಸುತ್ತಿದರು. ಜಿರಾಫೆ ಕಂಡಿತು, ಜೀಬ್ರಾ ಕಂಡಿತು, ದೂರದಲ್ಲಿ ಸಿಂಹದ ಬೆನ್ನು ಕಂಡಿತು. ಅವಳಿಗೆ ಯಾವುದೂ ರುಚಿಸಲಿಲ್ಲ. ಇನ್ನೇನು ವಾಪಸು ತಿರುಗಬೇಕು, ಕಿಲೋಂಜೊ ವ್ಯಾನು ನಿಲ್ಲಿಸಿ ಪಿಸುಗುಟ್ಟಿದ, "ಎಡಗಡೆ, ಟೀಚರಮ್ಮ."

ಪೊದೆ ಸರಿಸಿಕೊಂಡು ಬಂತು. ಪಕ್ಕದಲ್ಲೇ ಒಂದು ಮರಿ. ತಾಯಿಯ ಮೈತುಂಬ ಒಣಗಿದ ಕೆಸರು, ಹಿಂದೆ ದೂರದಲ್ಲಿ ನಗರದ ಎತ್ತರದ ಕಟ್ಟಡಗಳು. ಪಟದಲ್ಲಿ ಇಲ್ಲದ್ದು ಒಂದಿತ್ತು. ಅದರ ಕಿವಿ ಎರಡೂ ಬೇರೆ ಬೇರೆ ಕಡೆ ತಿರುಗುತ್ತಿದ್ದವು. ನೆಕೋಯೆ ಕಿಟಕಿಗೆ ಆತುಕೊಂಡಳು.

"ರೀ, ಕಿವಿ ನೋಡ್ರೀ!" ಅಂತ ಮೊಣಕೈಯಲ್ಲಿ ಪಕ್ಕಕ್ಕೆ ತಿವಿದಳು. ಮೊಣಕೈ ಖಾಲಿ ಸೀಟಿಗೆ ತಗುಲಿತು.

ಅದಾದ ಮೇಲೆ ಸಿಟ್ಟು ದುಪ್ಪಟ್ಟಾಯಿತು. ನೋಡುವುದನ್ನು ನೋಡಿಯಾಯಿತು, ಸಂತೋಷ ಮಾತ್ರ ಅರ್ಧಕ್ಕೇ ನಿಂತಿತ್ತು, ಅದೂ ಆ ಮನುಷ್ಯನಿಂದ. ಗೇಟಿನವರೆಗೂ ಅವಳು ಒಳಗೊಳಗೇ ಬೈಗಳ ಜೋಡಿಸಿದಳು: ನಿಮ್ಮ ಹುಂಜ ನಿಮಗೇ ಇರಲಿ, ನಾನು ನೋಡಿದೆ, ನೀವಿಲ್ಲದೆಯೇ ನೋಡಿದೆ.

ಗೇಟಿನಲ್ಲಿ ಕುಂಡು ಒಂದು ಕಲ್ಲಿನ ಮೇಲೆ ಕೂತಿದ್ದ. ಹುಂಜವನ್ನು ಕೋಟಿನೊಳಗೆ ಸೇರಿಸಿ ಗುಂಡಿ ಹಾಕಿದ್ದ, ತಲೆಯಷ್ಟೇ ಹೊರಗೆ. ಅವನ ಹೊಸ ಟೋಪಿ ಗೋಡೆಯ ಮೇಲೆ ಒಂದು ಬಬೂನಿನ ಕೈಯಲ್ಲಿತ್ತು. ವ್ಯಾನು ಕಂಡದ್ದೇ ಎದ್ದು ಓಡೋಡಿ ಬಂದ.

"ಕಂಡಿತಾ? ನಮಾಲ್ವಾನ ಅವ್ವ, ಕಂಡಿತಾ?"

ಜೋಡಿಸಿಟ್ಟ ಬೈಗಳೆಲ್ಲ ನಾಲಿಗೆಯ ತುದಿಗೆ ಬಂದಿದ್ದವು. ಕಿಟಕಿ ಹಿಡಿದುಕೊಂಡು ನಿಂತವನ ಮುಖ ನೋಡಿದಳು. ಸಂತೋಷಪಡುವುದಕ್ಕೆ ಅವಳಿಗಿಂತ ಅವನೇ ತಯಾರಾಗಿ ನಿಂತಿದ್ದ.

"ಇಲ್ಲ" ಅಂದಳು.

ಕಿಲೋಂಜೊ ಗಕ್ಕನೆ ಹಿಂದೆ ತಿರುಗಿದ. ನೆಕೋಯೆ ಮೂರನೇ ಕ್ಲಾಸಿನವರನ್ನು ನೋಡುವ ಹಾಗೆ ಅವನನ್ನೊಮ್ಮೆ ನೋಡಿದಳು. ಅವನು ಮುಂದೆ ತಿರುಗಿ ಸ್ಟೀರಿಂಗು ಒರೆಸತೊಡಗಿದ.

"ಅಯ್ಯೋ, ಒಂದೂ ಇಲ್ವಾ?"

"ತೋರಿಸ್ತೀನಿ ಅಂದೋರು ನೀವು. ನೀವು ಗೇಟಲ್ಲಿ ಕೂತ್ರೆ ನನಗೆ ಯಾರು ತೋರಿಸ್ತಾರೆ? ಆಗಸ್ಟ್ ರಜಕ್ಕೆ ಮತ್ತೆ ಬರೋದು. ಇಬ್ಬರೇ."

"ಬರೋಣ, ಬರೋಣ, ಖಂಡಿತ." ಪಕ್ಕದಲ್ಲಿ ಹತ್ತಿ ಕೂರುತ್ತಲೇ ಅವನ ಕೈ ಜೇಬಿಗೆ ಹೋಯಿತು. "ಲುಸ್ವೇಟಿ ಮಾವನಿಗೆ ಈಗಲೇ ಒಂದು ಮಾತು..."

"ಆ ಫೋನು ಇಲ್ಲಿ ಕೊಡಿ" ಅಂದಳು ನೆಕೋಯೆ. ಇಸಕೊಂಡು ತನ್ನ ಚೀಲಕ್ಕೆ ಹಾಕಿದಳು.

ಸೋಮವಾರ ಕ್ಲಾಸಿನಲ್ಲಿ ಆ ಹುಡುಗಿ ಮತ್ತೆ ಎದ್ದು ನಿಲ್ಲುತ್ತಾಳೆ. ಮಕ್ಕಳಿಗೆ ಹೇಳಿದರೆ ಸಂಜೆಯೊಳಗೆ ಇವನ ಕಿವಿಗೆ ಬೀಳುತ್ತದೆ. ಕಂಡದ್ದನ್ನು ಕಂಡಿಲ್ಲ ಅನ್ನಬೇಕು, ಅದೂ ಆಗಸ್ಟ್ ತನಕ. ಥೂ, ಎಂಥವನನ್ನು ಕಟ್ಟಿಕೊಂಡೆನಪ್ಪಾ ಅಂದುಕೊಳ್ಳುತ್ತ ಅವಳು ಅವನ ಕೋಟಿನ ಗುಂಡಿ ಬಿಚ್ಚಿ ಹುಂಜವನ್ನು ತನ್ನ ಮಡಿಲಿಗೆ ಎಳೆದುಕೊಂಡಳು.