ಬಟ್ಟಿ ಬಿದ್ದ ವಾರ

ಮುಂಬಯಿ ಮಹಾನಗರದಲ್ಲಿ ಸೇತುವೆ ಉದ್ಘಾಟನೆಯಾದರೆ ಬರೆದಿಡುವವರಿದ್ದಾರೆ, ಲೋಕಲ್ ಗಾಡಿ ಆರು ನಿಮಿಷ ತಡವಾದರೆ ಬರೆದಿಡುವವರಿದ್ದಾರೆ. ಆದರೆ ಮಂಗಳವಾರ ಬೆಳಿಗ್ಗೆ ಆರೂ ನಲವತ್ತಕ್ಕೆ ಜೋಗೇಶ್ವರಿಯ ಮೈದಾನದಲ್ಲಿ, ಮೂರನೆಯ ಸುತ್ತಿನ ನಟ್ಟನಡುವೆ, ವಾಚ್‌ಮನ್ ಹಾಶಿಮನ ಹೊಟ್ಟೆ ಹಿಡಿದುಕೊಂಡಿತು ಎಂಬ ಗಂಭೀರ ಸಂಗತಿಯನ್ನು ಯಾರೂ ಎಲ್ಲಿಯೂ ದಾಖಲಿಸಲಿಲ್ಲ.

ಬಲಗಡೆ ಪಕ್ಕೆಲುಬಿನ ಕೆಳಗೆ ಯಾರೋ ಒದ್ದೆ ಚಾದರ ಹಿಂಡಿದಂತಾಯಿತು. ಹಾಶಿಮ ಫುಟ್‌ಬಾಲ್ ಕಂಬ ಹಿಡಿದುಕೊಂಡು ಬಗ್ಗಿದ. ಮೈದಾನದ ಆಚೆ ತುದಿಯಲ್ಲಿ ನಗೆಕೂಟದ ಹಿರಿಯರು ಎರಡೂ ಕೈ ಮೇಲೆತ್ತಿ ಒಟ್ಟಾಗಿ ನಗುತ್ತಿದ್ದರು. ಅದು ಅವರ ನಿತ್ಯದ ವ್ಯಾಯಾಮ, ತನಗೂ ಅದಕ್ಕೂ ಸಂಬಂಧವಿಲ್ಲ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದರೂ ಅವರ ಕಡೆ ಬೆನ್ನು ಮಾಡಿ ನಿಂತ.

ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಅವನು ಓಡುತ್ತಿದ್ದದ್ದು ಆರೋಗ್ಯದ ಹುಚ್ಚಿನಿಂದಲ್ಲ. ಹೋದ ತಿಂಗಳು ಬೇರೆಲ್ಲೋ ಒಂದು ವಸತಿ ಸೊಸೈಟಿಯಲ್ಲಿ ಒಬ್ಬ ಸೈಕಲ್ ಕದ್ದು ಓಡಿದ. ಮೂವರು ವಾಚ್‌ಮನ್‌ಗಳು ಬೆನ್ನಟ್ಟಿದರು. ಅವರಲ್ಲೊಬ್ಬ ಅರ್ಧ ದಾರಿಯಲ್ಲಿ ಹೂಕುಂಡದ ಕಟ್ಟೆಯ ಮೇಲೆ ಕೂತು ಬೆವರು ಒರೆಸಿಕೊಂಡದ್ದು ಕ್ಯಾಮೆರಾದಲ್ಲಿ ಬಂತು. ಊರಿನ ಅಷ್ಟೂ ಸೊಸೈಟಿಗಳ ಫೋನಿಗೆ ಹೋಯಿತು. ವಾಚ್‌ಮನ್‌ಗಳನ್ನು ಕೊಡುವ ಏಜೆನ್ಸಿಯವರಿಗೆ ಮಾನ ಹೋದಂತಾಯಿತು, ಹುಕುಂ ಬಂತು. ನಲವತ್ತೈದು ದಾಟಿದವರೆಲ್ಲ ಶನಿವಾರ ಬೊರಿವಲಿಯ ಗ್ರೌಂಡಿನಲ್ಲಿ ಸಾವಿರದಾರುನೂರು ಮೀಟರ್ ಓಡಬೇಕು, ಹತ್ತು ನಿಮಿಷದೊಳಗೆ. ಓಡಿದವರಿಗೆ ಇದ್ದ ಗೇಟೇ ಖಾಯಂ. ಓಡಲಾರದವರು ರಿಲೀವರ್ ಪಟ್ಟಿಗೆ. ರಿಲೀವರ್ ಎಂದರೆ ದಿನಾ ಬೆಳಿಗ್ಗೆ ಫೋನು ಬರುತ್ತದೆ. ಎಲ್ಲಿ ಯಾರು ರಜೆಯೋ ಅಲ್ಲಿಗೆ ಹೋಗಬೇಕು, ಇವತ್ತು ಭಾಯಂದರ್, ನಾಳೆ ಪನವೇಲ್.

ಹಾಶಿಮನ ಗೇಟು ಮನೆಯಿಂದ ಏಳು ನಿಮಿಷದ ನಡಿಗೆ. ಮಧ್ಯಾಹ್ನ ಮನೆಗೆ ಬಂದು ಬಿಸಿ ಸಾರು ಉಂಡು ಹೋಗುತ್ತಿದ್ದ. ಈ ಊರಿನಲ್ಲಿ ಅದೇ ನವಾಬಗಿರಿ. ಅದಕ್ಕೂ ಮೊದಲು ಗೇಟು ಕುರ್ಲಾದಲ್ಲಿದ್ದ ಒಂಬತ್ತು ವರ್ಷ, ದಾದರಿನಲ್ಲಿ ಗಾಡಿ ಬದಲಿಸಿ ಜೋಗೇಶ್ವರಿಯ ತನಕ ಒಂಟಿಗಾಲಲ್ಲಿ ನಿಂತು ಬಂದಿದ್ದ. ಆ ಒಂಬತ್ತು ವರ್ಷ ಅವನು ಮಗಳನ್ನು ಕಂಡದ್ದು ಬಹುತೇಕ ನಿದ್ದೆಯಲ್ಲೇ. ಈಗಲೂ ದಾದರ್ ಸ್ಟೇಷನ್ನಿನ ನೂಕುನುಗ್ಗಲಿನ ಹಳೆಯ ಮೆಟ್ಟಿಲು ಕನಸಿಗೆ ಬಂದರೆ ಎದ್ದು ಕೂರುತ್ತಿದ್ದ.

ಮನೆಗೆ ಬಂದು ಗೋಡೆಗೊರಗಿದವನನ್ನು ನೋಡಿದ್ದೇ ಹೆಂಡತಿ ಬೀಬೀಜಾನ ರೋಗನಿದಾನ ಮಾಡಿಬಿಟ್ಟಳು.

"ಬಟ್ಟಿ ಬಿದ್ದದ. ಮಾರಿ ಹ್ಯಾಂಗ ಬಿಳಚಿಕೊಂಡದ ನೋಡ್ರಿ. ಹಿಲ್ನಾ ನಕ್ಕೋ, ಅಲಗಾಡಬ್ಯಾಡ್ರಿ, ಹಂಗ ಮಲಕೋರ್ರಿ. ಅಂಬವ್ವಗ ಕರೀತೀನಿ."

ಹೊಕ್ಕಳ ಹಿಂದೆ ಬಟ್ಟಿ ಎಂಬುದೊಂದಿದೆ, ಭಾರ ಎತ್ತಿದರೆ, ಓಡಿದರೆ, ಮೆಟ್ಟಿಲು ತಪ್ಪಿ ಹೆಜ್ಜೆಯಿಟ್ಟರೆ ಅದು ಜಾಗ ಬಿಟ್ಟು ಸರಿಯುತ್ತದೆ ಎಂಬುದು ಹಾಶಿಮನಂಥ ವಿಜಾಪುರದ ಕಡೆಯವರಿಗೆ ಪೂರ್ವ ಪಶ್ಚಿಮದಷ್ಟೇ ಖಚಿತ. ಡಾಕ್ಟರರಿಗೆ ಇದು ಗೊತ್ತಿಲ್ಲ. ಅದು ಡಾಕ್ಟರರ ದೌರ್ಭಾಗ್ಯ. ಎರಡು ಖೋಲಿ ಆಚೆಯ ಅಂಬವ್ವನಿಗೆ ಗೊತ್ತಿತ್ತು. ಇಂಡಿ ತಾಲ್ಲೂಕಿನಿಂದ ಬಂದ ಈ ಮುದುಕಿ ಮೂವತ್ತೊಂದು ವರ್ಷದಿಂದ ಚಾಳಿನ ಎಲ್ಲ ಜಾತಿಯ ಹೊಟ್ಟೆಗಳನ್ನೂ ಸರಿಮಾಡಿದವಳು. ಕಾಸು ಮುಟ್ಟುತ್ತಿರಲಿಲ್ಲ, ಮುಟ್ಟಿದರೆ ಕೈಗುಣ ಹೋಗುತ್ತದೆ ಎನ್ನುತ್ತಿದ್ದಳು.

ಅಂಬವ್ವ ಬಂದು ಹಾಶಿಮನ ಅಂಗಿ ಮೇಲೆ ಸರಿಸಿ, ಮೂರು ಬೆರಳು ಊರಿ, ಕಣ್ಣು ಮುಚ್ಚಿ ಹೊಕ್ಕಳ ಸುತ್ತ ಬಡಿತ ಹುಡುಕಿದಳು. ಬ್ಯಾಂಕಿನವರು ಸಹಿ ತಾಳೆ ನೋಡುವಷ್ಟು ಹೊತ್ತು ಹಿಡಿಯಿತು.

"ಮ್ಯಾಲ ಏರ್ಯದ ತಮ್ಮಾ. ಎರಡು ಬೆರಳ ಮ್ಯಾಲ ಹೋಗಿ ಕುಂತದ. ಬರೇ ಹೊಟ್ಟೀಲೆ ಓಡಿದ್ಯಾ?"

"ಚಾ ಕುಡದಿದ್ದೆ ಅವ್ವಾ. ಒಂದು ತಂಬಗಿ ನೀರು."

"ಅದಕ್ಕs. ಹೊಟ್ಟ್ಯಾಗ ಭಾರ ಇಲ್ಲಂದ್ರ ಬಟ್ಟಿ ಯಾವುದರ ಮ್ಯಾಲ ಕುಂದರಬೇಕು? ಹೇಳು."

ಅಂಬವ್ವ ಕಣಕದ ಸಣ್ಣ ಹಣತೆ ಮಾಡಿ, ಬತ್ತಿ ಹಚ್ಚಿ ಹೊಕ್ಕಳ ಮೇಲಿಟ್ಟು, ಮೇಲಿಂದ ಸ್ಟೀಲಿನ ಲೋಟ ಬೋರಲು ಹಾಕಿದಳು. ಒಳಗೆ ದೀಪ ಆರಿತು; ಲೋಟ ಹೊಟ್ಟೆಯನ್ನು ಕಚ್ಚಿ ಹಿಡಿಯಿತು. ಅದನ್ನು ಟಪ್ಪೆಂದು ಕಿತ್ತು, ಹರಳೆಣ್ಣೆ ಹಚ್ಚಿ ಮೇಲಿಂದ ಕೆಳಗೆ ಒತ್ತಿ ತಿಕ್ಕಿ, "ಹೂಂ, ಬಟ್ಟಿ ತಾಯಿ ಬಂದು ಕುಂತ್ಳು" ಎಂದಳು. ಬಟ್ಟಿ ಕೂತ ಮೇಲೆ ಉಣ್ಣದೆ ಏಳಕೂಡದು, ಅದು ಕಾನೂನು. ಬೀಬೀಜಾನ ರೊಟ್ಟಿ, ತುಪ್ಪ, ಬೆಲ್ಲ ತಂದು ಮಲಗಿದ ಕಡೆಯೇ ಬಾಯಿಗಿಟ್ಟಳು. ಅಷ್ಟು ಹೊತ್ತಿಗೆ ನೋವು ತಾನಾಗಿಯೇ ಹೋಗಿತ್ತು. ಕೀರ್ತಿ ಅಂಬವ್ವನಿಗೆ ಹೋಯಿತು.

"ನಾಳಿಂದ ಉಂಡs ಓಡಬೇಕು," ಎಂದು ಅವಳು ಬಾಗಿಲಲ್ಲಿ ನಿಂತು ಅಪ್ಪಣೆ ಕೊಡಿಸಿದಳು. "ಬೀಬೀ, ನೋಡು ಮತ್ತ. ಎರಡು ರೊಟ್ಟಿ, ಹಾಲು."

ಬುಧವಾರ ಐದೂವರೆಗೆ ಹಾಶಿಮ ಎರಡು ಜೋಳದ ರೊಟ್ಟಿ ಹಾಲಿನಲ್ಲಿ ನುರಿದುಕೊಂಡು ಉಂಡು, ಆರೂವರೆಗೆ ಓಡಿದ. ಎರಡನೆಯ ಸುತ್ತಿಗೇ ಹೊಟ್ಟೆ ಹಿಡಿಯಿತು. ಮತ್ತೆ ಹಣತೆ, ಮತ್ತೆ ಲೋಟ, ಮತ್ತೆ ತುಪ್ಪ ಬೆಲ್ಲ. ಎರಡು ರೊಟ್ಟಿಯ ಭಾರ ಸಾಲಲಿಲ್ಲ ಎಂದು ತೀರ್ಮಾನವಾಯಿತು. ಗುರುವಾರ ಮೂರು ರೊಟ್ಟಿ. ಮೊದಲನೆಯ ಸುತ್ತಿನಲ್ಲೇ ಕಂಬ ಹಿಡಿದ. ಶುಕ್ರವಾರ ಅಂಬವ್ವ ತಾನೇ ಶೇಂಗಾ ಹೋಳಿಗೆ ಮಾಡಿ ತಂದಳು. ಆ ಹೋಳಿಗೆಯನ್ನು ಹಾಶಿಮ ಅರ್ಧ ತಾಸಿನಲ್ಲೇ ಮೈದಾನದ ಬೇಲಿಯ ಬುಡದಲ್ಲಿ ವಾಪಸು ಕೊಟ್ಟ.

ಮಗಳು ಗುಲಾಫಶಾ ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದಳು. ಕನ್ನಡ ಅವಳಿಗೆ ತಿಳಿಯುತ್ತಿತ್ತು. ಮಾತಾಡುವಾಗ ಮಾತ್ರ ಗುಡ್ಡ ಹತ್ತಿದಂತೆ ಹತ್ತುತ್ತಿದ್ದಳು. ಅವತ್ತು ಫೋನಿನಲ್ಲಿ ಹುಡುಕಿ ಓದಿಕೊಂಡೇ ಬಂದಳು.

"ಅಬ್ಬಾ, ಏ ಬಟ್ಟಿ ಗಿಟ್ಟಿ ಕುಛ್ ನಹೀ ಹೋತಾ. ತಿಂದು... ತಿಂದು ಕೂಡ್ಲೆ ಓಡಿದ್ರೆ ಕ್ರ್ಯಾಂಪ್ ಬರ್ತದೆ. ತೀನ್ ಘಂಟೆ ಗ್ಯಾಪ್ ಬೇಕು. ಸಿಂಪಲ್ ಹೈ."

"ಏನಂತಾಳಿಕಿ?" ಎಂದಳು ಅಂಬವ್ವ, ಹಣತೆಗೆ ಕಣಕ ನಾದುತ್ತ.

"ಉಣ್ಣೂದು ಬ್ಯಾಡ ಅಂತಾಳ್ರಿ," ಎಂದು ಬೀಬೀಜಾನ ನಾಲ್ಕು ವಾಕ್ಯಗಳನ್ನು ಒಂದಕ್ಕೆ ಇಳಿಸಿದಳು.

"ಯವ್ವಾ ಶಾಣ್ಯಾಕಿ! ಎಂಟು ವರ್ಷದಾಕಿ ಇದ್ದಾಗ ಮೂರು ಸಲ ನಿನ್ನ ಬಟ್ಟಿ ತಗದಾಕಿ ನಾನು. ಆವಾಗ ನಿನ್ನ ಫೋನು ಎಲ್ಲಿತ್ತು?"

ಗುಲಾಫಶಾ ತಂದೆಯ ಮುಖ ನೋಡಿದಳು. ಹಾಶಿಮ ಸೂರಿನ ತಗಡು ನೋಡಿದ. ಮಗಳು ಹೇಳಿದ್ದು ಖರೆ ಇರಬಹುದೆಂದು ಅವನಿಗೆ ಗುರುವಾರವೇ ಅನ್ನಿಸಿತ್ತು. ಆದರೆ ಎಪ್ಪತ್ತು ವರ್ಷದ ಮುದುಕಿ ಮೊಣಕಾಲು ಊರಿ ಕೂತು ತನ್ನ ಹೊಟ್ಟೆಗೆ ಎಣ್ಣೆ ತಿಕ್ಕುತ್ತಿರುವಾಗ, ನಿನ್ನ ವಿದ್ಯೆ ಸುಳ್ಳು ಎಂದು ಮಲಗಿಕೊಂಡು ಹೇಳುವುದು ಹೇಗೆ?

ಶುಕ್ರವಾರ ಎದ್ದು ಹೋಗುವಾಗ ಅಂಬವ್ವನ ದನಿ ಸಣ್ಣದಾಗಿತ್ತು. "ನನ್ನ ಕೈಯಾಗ ಕುಂತ ಬಟ್ಟಿ ತಿರುಗಿ ಎದ್ದದ್ದು ಇಲ್ಲೋ ತಮ್ಮಾ. ನಾಕು ದಿನ ಆತು. ನನ್ನ ಕೈಯs ಹೋತೇನು?" ಎಂದು ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆ ರಾತ್ರಿ ಅವಳು ಉಣ್ಣಲಿಲ್ಲ ಎಂದು ಬೀಬೀಜಾನ ಹೇಳಿದಳು.

ಶನಿವಾರ ಐದಕ್ಕೆ ನಳದಲ್ಲಿ ನೀರು ಬಂತು. ಬೀಬೀಜಾನ ನಾಲ್ಕು ರೊಟ್ಟಿ ಹಾಲಿನ ಪಾತ್ರೆಯ ಪಕ್ಕ ಇಟ್ಟು, "ಒಂದೂ ಉಳಿಸಬ್ಯಾಡ್ರಿ, ಅವ್ವ ಕೇಳ್ತಾಳ" ಎಂದು ಕೊಡ ಎತ್ತಿಕೊಂಡು ಹೊರಗೆ ಹೋದಳು. ಹಾಶಿಮ ತಟ್ಟೆಯ ಮುಂದೆ ಕೂತ. ಕೂತೇ ಇದ್ದ. ಚಾದರದೊಳಗಿಂದ ಗುಲಾಫಶಾ ಎದ್ದು ಬಂದಳು. ಹಲ್ಲು ಸಹ ಉಜ್ಜಿರಲಿಲ್ಲ. ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು ರೊಟ್ಟಿ ಮುರಿಯತೊಡಗಿದಳು. ಬೆಳಿಗ್ಗೆ ಒಂದು ಬಿಸ್ಕೀಟು ತಿನ್ನಲಿಕ್ಕೂ ಕಾಡಿಸುತ್ತಿದ್ದ ಹುಡುಗಿ. ಮೂರನೆಯ ರೊಟ್ಟಿಗೆ ಅವಳ ಕಣ್ಣಲ್ಲಿ ನೀರು ಬಂತು; ನಾಲ್ಕನೆಯದನ್ನು ನಿಂತುಕೊಂಡು ನುಂಗಿದಳು.

"ಜಾವ್ ಅಬ್ಬಾ," ಎಂದಳು, ತುಂಬಿದ ಬಾಯಲ್ಲಿ. "ಆರಾಮಾಗಿ ಓಡಿ."

ಬೊರಿವಲಿಯ ಗ್ರೌಂಡಿನಲ್ಲಿ ಇಪ್ಪತ್ತಮೂರು ಜನ ವಾಚ್‌ಮನ್‌ಗಳು ಯುನಿಫಾರ್ಮಿನ ಪ್ಯಾಂಟು, ಮಕ್ಕಳ ಟೀ ಶರ್ಟು ಹಾಕಿಕೊಂಡು ಸಾಲಾಗಿ ನಿಂತಿದ್ದರು. ಒಬ್ಬನ ಎದೆಯ ಮೇಲೆ ಯಾವುದೋ ಕೋಚಿಂಗ್ ಕ್ಲಾಸಿನ ಜಾಹೀರಾತಿತ್ತು. ಸೂಪರ್‌ವೈಸರ್ ಬಸವಂತರಾಯ ಕಲಬುರ್ಗಿಯ ಕಡೆಯವನು, ಮೂವತ್ತೆಂಟು ವರ್ಷದ ದಪ್ಪನೆಯ ಆಳು. ತಾನು ಓಡಬೇಕಾಗಿಲ್ಲ ಎಂಬ ಸಂಕೋಚದಿಂದ ಎಲ್ಲರ ಜೊತೆ ಅತಿ ಮೃದುವಾಗಿ ಮಾತಾಡುತ್ತಿದ್ದ. ಸೀಟಿ ಊದಿದ.

ನಾಲ್ಕು ಸುತ್ತು. ಮೊದಲನೆಯ ಸುತ್ತಿನಲ್ಲಿ ಹಾಶಿಮ ನೋವಿಗಾಗಿ ಕಾದ. ಬರಲಿಲ್ಲ. ಎರಡನೆಯ ಸುತ್ತಿನಲ್ಲೂ ಬಲಗಡೆ ಪಕ್ಕೆಗೆ ಕಿವಿಗೊಟ್ಟುಕೊಂಡೇ ಓಡಿದ. ಹೊಟ್ಟೆ ತಣ್ಣಗಿತ್ತು. ಮಗಳು ಗೆದ್ದಳು ಎಂದು ಒಂದು ಗಳಿಗೆ ಖುಷಿಯಾಯಿತು. ಆ ಗಳಿಗೆ ಮುಗಿದ ಮೇಲೆ ಉಳಿದ ಸಂಗತಿಗಳು ಗಮನಕ್ಕೆ ಬರತೊಡಗಿದವು. ವಾರವಿಡೀ ಹೊಟ್ಟೆಯ ಗಲಾಟೆಯಲ್ಲಿ ಯಾರೂ ವಿಚಾರಿಸದೇ ಬಿಟ್ಟಂಥವು. ಮೊಣಕಾಲು ತಮ್ಮಷ್ಟಕ್ಕೆ ಮಾತಾಡುತ್ತಿದ್ದವು. ಉಸಿರು ಎದೆಯ ತನಕ ಬಂದು ಅಲ್ಲಿಂದಲೇ ತಿರುಗಿ ಹೋಗುತ್ತಿತ್ತು. ದಿನಕ್ಕೆ ಹನ್ನೆರಡು ತಾಸಿನಂತೆ ಇಪ್ಪತ್ತು ವರ್ಷ ನಿಂತ ಕಾಲು ನಿಲ್ಲುವುದನ್ನಷ್ಟೇ ಕಲಿತಿದ್ದವು. ಮೂರನೆಯ ಸುತ್ತಿನಲ್ಲಿ ಜಾಹೀರಾತಿನ ಎದೆಯವನು ದಾಟಿ ಹೋದ. ಎಲ್ಲಿಯೂ ನೋವಿಲ್ಲ, ಏನೂ ಕೆಟ್ಟಿಲ್ಲ. ಇಷ್ಟೇ ಓಡಬಲ್ಲೆ ಎಂಬುದು ಹಾಶಿಮನಿಗೆ ಬಹಳ ಸ್ಪಷ್ಟವಾಗಿ ತಿಳಿಯಿತು. ಹತ್ತು ನಿಮಿಷದ ಸೀಟಿ ಊದಿದಾಗ ಇನ್ನೂ ಸುತ್ತಿನ ಕಾಲು ಭಾಗ ಉಳಿದಿತ್ತು. ಅದನ್ನೂ ಓಡಿಯೇ ಮುಗಿಸಿದ.

ಬಸವಂತರಾಯ ನೀರಿನ ಬಾಟ್ಲಿ ಹಿಡಿದು ಹತ್ತಿರ ಬಂದ.

"ಹೊಟ್ಟಿ ಹಿಡದಿತ್ತೇನ್ರಿ ಹಾಶಿಮಭಾಯಿ? ವಾರದಿಂದ ತ್ರಾಸ ಅದ ಅಂತ ಕೇಳಿದ್ದೆ."

ಹಾಶಿಮ ಉಸಿರು ಹುಡುಕುತ್ತಿದ್ದ.

"ನೋಡ್ರಿ, ಫಾರ್ಮಿನ್ಯಾಗ ಒಂದು ಖಾನೆ ಅದ." ಬಸವಂತರಾಯ ದನಿ ತಗ್ಗಿಸಿದ. "ಹೊಟ್ಟಿ ನೋವು, ಕಾಲು ಉಳುಕು, ಏನರೆ ಇದ್ರ ಬರದು ಹದಿನೈದು ದಿವಸಕ್ಕ ಇನ್ನೊಂದು ಚಾನ್ಸ್ ಕೊಡಬಹುದು. ನಿಮ್ಮಂಗs ಹಿಂದ ಬಿದ್ದ ಆ ಮೋನಪ್ಪಗ ಹಂಗೇ ಬರದೀನಿ. ಹೂಂ ಅನ್ರಿ, ಸಾಕು."

ಪೆನ್ನು ಖಾನೆಯ ಮೇಲೆ ಕಾದಿತ್ತು. ಹಾಶಿಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡ. ಹದಿನೈದು ದಿನ ಐದೂವರೆಗೆ ಏಳಬೇಕು, ರೊಟ್ಟಿ ಉಣ್ಣಬೇಕು ಇಲ್ಲವೆ ಮಗಳಿಗೆ ಉಣ್ಣಿಸಬೇಕು, ಕಂಬ ಹಿಡಿಯಬೇಕು, ಮಲಗಬೇಕು, ಅಂಬವ್ವ ಬೆರಳು ತಿರುಗಿಸಿ ನೋಡಿಕೊಳ್ಳುವುದನ್ನು ನೋಡಬೇಕು. ಆಮೇಲೆ ಇದೇ ಗ್ರೌಂಡು, ಇದೇ ಕಾಲು.

"ಇಲ್ರೀ ಸಾಹೇಬ್ರ. ಹೊಟ್ಟಿ ಬರೋಬ್ಬರಿ ಅದ."

"ಮತ್ತೇನಾತು?"

"ಏನೂ ಆಗಿಲ್ರಿ. ಓಡಿದೆ. ಇಷ್ಟs ಆತು."

ಬಸವಂತರಾಯ ಅವನನ್ನೊಮ್ಮೆ, ಖಾನೆಯನ್ನೊಮ್ಮೆ ನೋಡಿ, "ನೀವು ಒಬ್ಬರು..." ಎಂದು ಮುಂದಿನದನ್ನು ನುಂಗಿಕೊಂಡು ಅಡ್ಡಗೆರೆ ಎಳೆದ.

ಚಾಳಿನ ಬಾಗಿಲಲ್ಲೇ ಅಂಬವ್ವ ಕೂತಿದ್ದಳು. ಅವನ ಮುಖ ನೋಡಿ ಗೋಡೆ ಹಿಡಿದು ಎದ್ದಳು.

"ನೋವು ಬಂತೇನೋ ತಮ್ಮಾ?"

"ಇಲ್ಲವ್ವಾ. ಒಂದು ಸಲಾನೂ ಬರಲಿಲ್ಲ."

"ಖರೇ ಹೇಳು."

"ಗುಲಾಫಶಾನ ಆಣಿ."

ಮುದುಕಿ ಎರಡೂ ಕೈ ಎತ್ತಿ ಎಲ್ಲಿಗೋ ಮುಗಿದಳು. "ಕೇಳಿದ್ಯಾ ಬೀಬೀ? ಕುಂತಾಳ! ಗಟ್ಟಿ ಕುಂತಾಳ!" ಎಂದು ಇಡೀ ಚಾಳಿಗೆ ಕೇಳುವಂತೆ ಕೂಗಿದಳು. "ನಾಕು ರೊಟ್ಟಿ ಬೇಕಿತ್ತು, ನಾ ಎರಡs ಹೇಳಿ ಕೆಟ್ಟಿದ್ದೆ." ಒಳಗೆ ಹೊಟ್ಟೆಯ ಮೇಲೆ ಪುಸ್ತಕವಿಟ್ಟುಕೊಂಡು ಮಲಗಿದ್ದ ಗುಲಾಫಶಾ ತಲೆಯೆತ್ತಿ ತಂದೆಯ ಕಡೆ ನೋಡಿದಳು. ಹಾಶಿಮ ಚಪ್ಪಲಿ ಬಿಡುವುದರಲ್ಲಿ ಬಹಳ ಹೊತ್ತು ತೆಗೆದುಕೊಂಡ.

"ಮತ್ತ ಪಾಸ್ ಆದ್ರಿಲ್ಲ?" ಎಂದಳು ಬೀಬೀಜಾನ, ನೀರಿನ ಲೋಟ ಚಾಚುತ್ತ.

ಹಾಶಿಮ ನಪಾಸಾಗಿದ್ದ. ಸೋಮವಾರದಿಂದ ಅವನ ಹೆಸರು ರಿಲೀವರ್ ಪಟ್ಟಿಗೆ ಹೋಯಿತು; ಮೊದಲ ಡ್ಯೂಟಿ ನಾಲಾಸೋಪಾರಾದಲ್ಲಿ.