ಐದು ದಿನದ ನೀರು

"ಇಷ್ಟು ದಪ್ಪ ಹೆಚ್ಚಿದ್ರೆ ಹಲ್ಲಿಲ್ಲದೋರು ಏನ್ ಮಾಡ್ಬೇಕು? ಯಾರ ಮೇಲಿನ ಸಿಟ್ಟು ಕಣೇ ಕೋಸಿನ ಮೇಲೆ?"

ಮಾಬಿಯೇಲಾ ಹೀಗೆ ಕೇಳಿದರೂ ಮಾಖೋಜಾ ಚಾಕು ನಿಲ್ಲಿಸಲಿಲ್ಲ. ಮಜೋಲಾರ ಅಂಗಳದ ತಗಡಿನ ಚಪ್ಪರದ ಕೆಳಗೆ ಆರು ಹೆಂಗಸರು ಕೂತು ಎಲೆಕೋಸು ಹೆಚ್ಚುತ್ತಿದ್ದರು. ಮೂರು ಕಾಲಿನ ಹಂಡೆಗಳಲ್ಲಿ ನಿನ್ನೆ ಕಡಿದ ದನದ ಮಾಂಸ ಬೇಯುತ್ತಿತ್ತು. ಕೋಸು ಬಂದದ್ದು ಪೇಟೆಯಿಂದ, ಲಾರಿಯಲ್ಲಿ. ಹನ್ನೆರಡು ವರ್ಷ ಹೊಳೆದಂಡೆಯ ತೋಟದ ಅಧ್ಯಕ್ಷೆಯಾಗಿದ್ದು ಅರ್ಧ ಕಣಿವೆಗೆ ಕೋಸು ಉಣ್ಣಿಸಿದ ಮಾಶೇಜಿಯ ಸಾವಿನ ಊಟಕ್ಕೆ ಪೇಟೆಯ ಕೋಸು! ಬೇರೆ ದಾರಿ ಇರಲಿಲ್ಲ. ಊರಿನಲ್ಲಿ ಹೆಣವಿರುವಾಗ ಯಾರೂ ನೆಲಕ್ಕೆ ಗುದ್ದಲಿ ಹಾಕುವಂತಿಲ್ಲ, ತೋಟದ ಬಾಗಿಲು ತೆಗೆಯುವಂತಿಲ್ಲ. ಈ ವಾರ ಅಗೆಯಬಹುದಾಗಿದ್ದದ್ದು ಒಂದೇ ಕಡೆ, ಕೆಳಗೆ ದನದ ದೊಡ್ಡಿಯ ಪಕ್ಕದಲ್ಲಿ. ಅಲ್ಲಿ ಗಂಡಸರು ಅವಳ ಗುಂಡಿ ಇನ್ನೂ ಅಗೆಯುತ್ತಲೇ ಇದ್ದರು.

"ಈ ಕೋಸು ನೋಡಿದ್ರೆ ಮಾಶೇಜಿ ಎದ್ದು ಕೂತು ಲಾರಿಯೋನಿಗೆ ಉಗೀತಿದ್ಲು," ಎಂದಳು ಮಾಬಿಯೇಲಾ. ಎಲ್ಲರೂ ನಕ್ಕರು. ಗುಡಿಸಲಿನೊಳಗೆ ಮಾಶೇಜಿಯ ಮಗಳು ನೊಕ್ವಾಜಿ ಚಾಪೆಯ ಮೇಲೆ ಕೂತಿರುವುದು ನೆನಪಾಗಿ ನಗು ಅಲ್ಲೇ ನಿಂತಿತು.

ಮಾಖೋಜಾಳ ಕಣ್ಣು ಮಾತ್ರ ಬೆಣ್ಣೆಹಣ್ಣಿನ ಮರದ ಕಡೆಗೇ ಇತ್ತು. ಅದರ ಬುಡದಲ್ಲಿ ಗಿಡ್ಡ ಗೂಟಗಳ ಮೇಲೆ ಹಳೆಯ ಗೋಣಿ ಹೊದಿಸಿತ್ತು. ಗೋಣಿಯ ಕೆಳಗೆ ಹತ್ತು ಟ್ರೇ ಕೋಸಿನ ಸಸಿ, ಟ್ರೇಗೆ ಇನ್ನೂರು. ವಾರವಿಡೀ ಬೆಟ್ಟದ ಕಡೆಯಿಂದ ಬಿಸಿಗಾಳಿ. ಅಂಥ ಗಾಳಿಯಲ್ಲಿ ಎಳೆ ಸಸಿ ನೀರಿಲ್ಲದೆ ಎರಡು ದಿನ ಬದುಕಿದರೆ ಹೆಚ್ಚು. ತೋಟಕ್ಕೆ ನೆರವಾಗುವ ಸಂಸ್ಥೆಯವರು ಸಸಿ ಕೊಡುವುದು ಬೆಳೆಗೊಮ್ಮೆ ಮಾತ್ರ. ಇವು ಹೋದರೆ ಏಳು ಮನೆಯ ಪಾತಿಗಳೂ ಮುಂದಿನ ಬೆಳೆಯವರೆಗೆ ಬರಿದು.

ಸತ್ತವಳ ಗಂಡನ ತಮ್ಮ ಬಾಬಾ ಮಜೋಲಾ ಕೋಲೂರಿಕೊಂಡು ಬಂದ. ಅಣ್ಣ ತೀರಿದ ಮೇಲೆ ಈ ಮನೆಯಲ್ಲಿ ಅವನ ಮಾತೇ ಮಾತು.

"ಆ ಸಸಿ ಹತ್ರ ಯಾರೂ ಹೋಗಿಲ್ಲ ತಾನೆ?"

"ಇಲ್ಲ ಬಾಬಾ," ಎಂದರು ಆರೂ ಜನ ಒಂದೇ ಉಸಿರಿಗೆ.

ಮಾಖೋಜಾ ತಲೆ ತಗ್ಗಿಸಿ ಇನ್ನೊಂದು ಕೋಸನ್ನು ಎರಡು ಹೋಳು ಮಾಡಿದಳು. ಸುಳ್ಳು ಹೇಳಿದ್ದೇನೋ ಆಯಿತು. ಮಂಗಳವಾರದಿಂದ ಐದು ದಿನವೂ ಬೆಳಿಗ್ಗೆ, ಬೇರೆಯವರು ಬರುವ ಮುಂಚೆ, ಅವಳು ಎರಡು ಬಕೆಟ್ ನೀರನ್ನು ಗೋಣಿಯ ಮೇಲಿಂದಲೇ ದಬಕ್ಕನೆ ಸುರಿದು ಓಡಿಹೋಗುತ್ತಿದ್ದಳು. ಗೋಣಿ ಎತ್ತಿ ನೋಡುವಷ್ಟು ಧೈರ್ಯ ಬಂದಿರಲಿಲ್ಲ.

*

ಸೋಮವಾರ ಲಿಂಡೆಲ್ವಾಳ ಗಾಡಿ ರಸ್ತೆ ಮುಗಿಯುವಲ್ಲಿ ಸಸಿ ಇಳಿಸಿ ಹೋಗಿತ್ತು. ಸಂಸ್ಥೆಯ ಆ ಹುಡುಗಿ ಇಂಥ ಹನ್ನೊಂದು ತೋಟಗಳನ್ನು ನೋಡಿಕೊಳ್ಳುತ್ತಾಳೆ. ಬೇಲಿಯ ತಂತಿ, ನಲ್ಲಿ, ಬೀಜ, ಪಾಠ ಎಲ್ಲ ಅವಳದೇ. ಎಲ್ಲೂ ಹೆಚ್ಚು ಹೊತ್ತು ನಿಲ್ಲಲಾರಳು.

"ಮಾಖೋಜಾ! ಬಾರೇ, ಒಂದ್ ಕೈ ಹಿಡಿ!"

ಮಾಶೇಜಿ ರಸ್ತೆಯಿಂದ ಕೂಗಿದ್ದು ಮಾಖೋಜಾಳಿಗೆ ಚೆನ್ನಾಗಿಯೇ ಕೇಳಿಸಿತ್ತು. ಬಾಗಿಲಲ್ಲಿ ಕೂತು ಕಾಳು ಆರಿಸುತ್ತಿದ್ದಳು. ಹೋದ ವಾರದ ಸಭೆಯಲ್ಲಿ ನಲ್ಲಿಯ ಪಕ್ಕದ ಪಾತಿಯನ್ನು ಮಾಶೇಜಿ ತನಗೆ ಕೊಡದೆ ಮಾಬಿಯೇಲಾಳಿಗೆ ಕೊಟ್ಟಿದ್ದಳು, ಅವಳಿಗೆ ಮಂಡಿನೋವು ಅಂತ. ತನ್ನ ಸೊಂಟನೋವನ್ನು ಯಾರೂ ಕೇಳಿರಲಿಲ್ಲ. "ನಲ್ಲಿ ಪಕ್ಕದೋಳನ್ನೇ ಕರ್ಕೊ," ಎಂದು ಗೊಣಗಿ ಮೊರ ಎತ್ತಿಕೊಂಡು ಒಳಗೆ ಹೋದಳು.

"ಕಿವುಡಿ!" ಎಂದು ಮಾಶೇಜಿ ನಕ್ಕದ್ದೂ ಕೇಳಿಸಿತು.

ಆಮೇಲೆ ಅವಳು ಒಂದೊಂದೇ ಟ್ರೇ ತಲೆಯ ಮೇಲಿಟ್ಟುಕೊಂಡು ಆ ಏರನ್ನು ಹತ್ತು ಸಲ ಹತ್ತಿದಳು. ಅರವತ್ತೆಂಟು ವರ್ಷದ ಹೆಂಗಸು. ಮಾಖೋಜಾ ಕಿಟಕಿಯಿಂದ ಎಣಿಸಿದ್ದಳು. ಮಾಶೇಜಿ ತನ್ನ ಅಂಗಳದ ಮರದ ಕೆಳಗೆ ಪ್ಲಾಸ್ಟಿಕ್ ಹಾಸಿದಳು. ಹಾಕಿದ ನೀರು ಹರಿದುಹೋಗಬಾರದೆಂದು ಅದರ ಅಂಚುಗಳನ್ನು ಕಲ್ಲಿನ ಮೇಲೆ ಮಡಚಿಟ್ಟು ಟ್ರೇಗಳನ್ನು ಜೋಡಿಸಿ ಗೋಣಿ ಕಟ್ಟಿದಳು. ದಣಿವಾರಿಸಿಕೊಳ್ಳಲು ಮರಕ್ಕೊರಗಿ ಕೂತವಳು ಏಳಲಿಲ್ಲ. ಮಧ್ಯಾಹ್ನ ಮಾಬಿಯೇಲಾ ಬಂದು ಮುಟ್ಟಿ ನೋಡಿ ಕಿರುಚಿಕೊಂಡಳು.

ಕೂಗು ತನಗೆ ಕೇಳಿಸಿತ್ತೆಂದು ಮಾಖೋಜಾ ಯಾರಿಗೂ ಹೇಳಲಿಲ್ಲ.

*

ಪೆಟ್ಟಿಗೆಯನ್ನು ಗುಡಿಸಲಿನಿಂದ ಹೊರಗೆ ತಂದಾಗ ಹೆಂಗಸರು ಹಾಡು ಎತ್ತಿದರು. ಕೆಳಗಿನ ದೊಡ್ಡಿಯವರೆಗೆ ನಡೆದು, ಮಾಶೇಜಿಯ ಚಾಪೆಯನ್ನೂ ಕಂಬಳಿಯನ್ನೂ ಅವಳ ಜೊತೆಗೇ ಇಳಿಸಿದರು. ಲಿಂಡೆಲ್ವಾ ಎರಡು ಮಾತಾಡಲು ಎದ್ದು, ಒಂದೇ ಮಾತಿಗೆ ನಿಲ್ಲಿಸಿ ಕೂತಳು. ಗಂಡಸರು ಸಲಿಕೆ ಬದಲಾಯಿಸುತ್ತಾ ಮಣ್ಣು ಎಳೆದರು. ಒಣಮಣ್ಣು ಗಾಳಿಗೆ ಎದ್ದು ಎಲ್ಲರ ಕಪ್ಪು ಬಟ್ಟೆಯ ಮೇಲೂ ಕೂತಿತು.

ಮಾಖೋಜಾಳ ಬಾಯಿ ಹಾಡುತ್ತಿತ್ತು, ಮನಸ್ಸು ಹಳೆಯದಕ್ಕೆ ಹೋಗಿತ್ತು.

*

ಮೂರು ವರ್ಷದ ಹಿಂದೆ ಅವಳ ಮಗ ಜೋಹಾನ್ಸ್‌ಬರ್ಗಿನ ಕಡೆ ಗಣಿಯಲ್ಲಿ ಸತ್ತಾಗ ಹೆಣ ಊರು ಸೇರಲು ಒಂಬತ್ತು ದಿನ ಹಿಡಿಯಿತು. ಒಂಬತ್ತು ದಿನವೂ ಮಾಶೇಜಿ ತೋಟದ ಬೀಗ ತೆಗೆಯಲಿಲ್ಲ. ಪಾಲಕ್ ಸೊಪ್ಪೆಲ್ಲ ಹಳದಿಯಾಗಿ ಒಣಗಿತು. ಹೆಂಗಸರು ಬೇಲಿಯ ಹೊರಗೆ ನಿಂತು ಗೊಣಗಿದರು.

"ಸೊಪ್ಪು ಮತ್ತೆ ಬರುತ್ತೆ," ಎಂದಿದ್ದಳು ಮಾಶೇಜಿ. "ಮಾಖೋಜಾನ ಮಗ ಬರ್ತಾನಾ?"

ಈ ಮಂಗಳವಾರ ಮಾಬಿಯೇಲಾ ಮೆಲ್ಲಗೆ ಕೇಳಿ ನೋಡಿದ್ದಳು: "ಬಾಬಾ, ನೀರು ಹಾಕೋದು ಅಗೆಯೋದಲ್ವಲ್ಲ?"

"ನಮ್ಮ ಅತ್ತಿಗೆ ಅಲ್ಲಿ ಮಲಗಿದಾಳೆ, ನಿಮಗೆ ಕೋಸಿನ ಬಾಯಾರಿಕೆ ಚಿಂತೇನಾ?" ಬಾಬಾ ಮಜೋಲಾ ಕೋಲು ಕುಟ್ಟಿದ್ದ. "ಅವಳನ್ನ ತಿಂದಿದ್ದೇ ಆ ಸಸಿ. ಒಣಗ್ಲಿ ಬಿಡಿ!"

ತನ್ನ ಮಗನಿಗಾಗಿ ತೋಟವನ್ನೇ ಒಣಗಲು ಬಿಟ್ಟವಳ ಸಾವಿನಲ್ಲಿ ನಿಯಮ ಮುರಿಯುವುದು ಯಾವ ಮುಖದಿಂದ? ಆದರೆ ಅವಳು ಒಬ್ಬಳೇ ಹೊತ್ತು ತಂದದ್ದನ್ನು ಸಾಯಲು ಬಿಡುವುದಾದರೂ ಹೇಗೆ? ಮಾಖೋಜಾಳಿಗೆ ಎರಡೂ ಆಗಲಿಲ್ಲ. ಬಕೆಟ್ ಎತ್ತಿಕೊಂಡಿದ್ದಳು.

*

ಮಣ್ಣು ಮುಗಿಸಿ ಬಂದವರೆಲ್ಲ ಬಾಗಿಲ ಬೋಗುಣಿಯಲ್ಲಿ ಕೈ ತೊಳೆದು ಅಂಗಳಕ್ಕೆ ಬಂದರು. ನೊಕ್ವಾಜಿ ಒದ್ದೆ ಕೈಯಲ್ಲೇ ನಿಂತು, "ಅಮ್ಮನ ಸಸಿ ಉಳಿದಿದಾವಾ?" ಎಂದು ಕೇಳಿದಳು.

ಎಲ್ಲರೂ ಬಾಬಾ ಮಜೋಲಾನ ಮುಖ ನೋಡಿದರು. "ಇನ್ನು ನೋಡ್ಬಹುದು," ಎಂದ ಅವನು. ಧ್ವನಿಯಲ್ಲಿ ಕೋಲಿನ ಸದ್ದು ಇರಲಿಲ್ಲ.

ಮಾಖೋಜಾ ಗೋಣಿ ಎತ್ತಿದಳು. ಒಣಗಿದ ವಾಸನೆಯಲ್ಲ, ಕೊಳೆತ ವಾಸನೆ ಬಂತು. ಎರಡು ಸಾವಿರ ಸಸಿಯೂ ಬುಡ ಕಪ್ಪಾಗಿ ಒಂದರ ಮೇಲೊಂದು ಮಲಗಿದ್ದವು. ಟ್ರೇಗಳ ಸುತ್ತ ಪ್ಲಾಸ್ಟಿಕ್ಕಿನಲ್ಲಿ ಗೇಣಾಳ ನೀರು ನಿಂತಿತ್ತು.

ಲಿಂಡೆಲ್ವಾ ಕುಕ್ಕರಗಾಲಲ್ಲಿ ಕೂತು ಒಂದು ಸಸಿ ಕಿತ್ತಳು. ಬೇರು ಕೈಗೇ ಬರಲಿಲ್ಲ. "ಇವು ಒಣಗಿ ಸತ್ತಿಲ್ಲ ಅಮ್ಮಾ, ಮುಳುಗಿ ಸತ್ತಿವೆ. ಇಷ್ಟು ನೀರು ಹಾಕಿದ್ಯಾರು?"

"ನಾನೇ, ದಿನಾ ಬೆಳಿಗ್ಗೆ," ಎಂದಳು ಮಾಖೋಜಾ. "ಆದ್ರೆ ಎರಡೇ ಬಕೆಟ್ಟು..."

"ಬೆಳಿಗ್ಗೇನಾ?" ಎಂದಳು ಮಾಬಿಯೇಲಾ. "ನಾನು ಮಧ್ಯಾಹ್ನ ಹಾಕ್ತಿದ್ದೆ. ಯಾರೂ ಹಾಕಿರಲ್ಲ ಅಂತ."

"ನಾನೂ ಹಾಗೇ ಅಂದ್ಕೊಂಡೆ," ಎಂದಳು ಹಿಂದಿನಿಂದ ಒಬ್ಬಳು. ಮತ್ತೊಬ್ಬಳು ಹೊದೆದ ಶಾಲಿನಿಂದ ಬಾಯಿ ಮುಚ್ಚಿಕೊಂಡಳು. ಆರು ಜನರೂ ಹಾಕಿದ್ದರು, ಒಬ್ಬರಿಗೊಬ್ಬರು ಹೆದರಿಕೊಂಡು, ಗೋಣಿ ಎತ್ತದೆ.

ಬಾಬಾ ಮಜೋಲಾ ಗಂಟಲು ಸರಿಮಾಡಿಕೊಂಡ. ಬೈಗುಳ ಬರುತ್ತದೆಂದು ಎಲ್ಲರೂ ಕಾದರು.

"ನಾನು ಸಂಜೆ," ಎಂದ ಅವನು ಕೋಲಿನ ತುದಿ ನೋಡುತ್ತಾ.

ಯಾರಿಗೂ ನಗು ಬರಲಿಲ್ಲ. ಇಂಥದ್ದಕ್ಕೆ ನಗಬಹುದಾಗಿದ್ದವಳು ಒಬ್ಬಳೇ. ಅವಳನ್ನು ಈಗಷ್ಟೇ ಕೆಳಗೆ ಬಿಟ್ಟು ಬಂದಿದ್ದರು.

ಮಾಖೋಜಾ ಮಣ್ಣಿನಲ್ಲಿ ಕೂತೇಬಿಟ್ಟಳು. "ಅವತ್ತು ಅವಳು ಕೂಗಿದ್ದು ನಂಗೆ ಕೇಳಿಸಿತ್ತು. ಬೇಕಂತಲೇ ಬರ್ಲಿಲ್ಲ ನಾನು."

ಮಾಬಿಯೇಲಾ ಅವಳ ಕಡೆ ಬಾಗಿದಳು. "ಗೊತ್ತು ಕಣೇ. ನಾನು ನೀರಿಗೆ ಹೋಗುವಾಗ ಸಿಕ್ಕಿದ್ಲು. ನೆತ್ತಿ ಮೇಲೆ ಟ್ರೇ. ಹೊರ್ತೀನಿ ಕೊಡು ಅಂದ್ರೆ ನನ್ನ ಮಂಡಿಗೆ ಬೈದು ಕಳಿಸಿದ್ಲು. ಕಿವುಡಿಯ ಸಿಟ್ಟು ಇಳೀಲಿ, ನಾಳೆ ನೆಡೋಕೆ ಎಲ್ಲರಿಗಿಂತ ಮುಂಚೆ ಅವಳೇ ಬರ್ತಾಳೆ ಅಂದ್ಲು."

ಮಾಖೋಜಾಳಿಗೆ ಅಳು ಒತ್ತರಿಸಿ ಬಂತು. ಸಾವಿನ ಗುಡಿಸಲಲ್ಲಿ ಐದು ದಿನ ಕೂತಾಗಲೂ ಬಾರದ ಅಳು. ಅತ್ತು ಮುಗಿದ ಮೇಲೆ ಅವಳೇ ಎದ್ದು, ಟ್ರೇಗಳನ್ನು ಒಂದೊಂದಾಗಿ ಆಚೆ ಇಟ್ಟಳು. ಪ್ಲಾಸ್ಟಿಕ್ಕಿನ ಒಂದು ಮೂಲೆ ಹಿಡಿದು ಮಾಬಿಯೇಲಾಳ ಕಡೆ ನೋಡಿದಳು.

"ಬಾರೇ, ಒಂದ್ ಕೈ ಹಿಡಿ."

ಮಾಬಿಯೇಲಾ ಇನ್ನೊಂದು ಮೂಲೆ ಹಿಡಿದಳು. ಎತ್ತಿದಾಗ ಐದು ದಿನದ ನೀರು ಒಟ್ಟಿಗೇ ಜಾರಿ ಇಳಿಜಾರಿನ ಅಂಗಳಕ್ಕೆ ಬಿತ್ತು. ಚಪ್ಪರ ದಾಟಿ, ಹಂಡೆಗಳ ಬೂದಿ ಎತ್ತಿಕೊಂಡು, ದೊಡ್ಡಿಯ ಬೇಲಿಯ ಕಡೆಗೆ ಹರಿಯಿತು. ಯಾರೂ ಅಡ್ಡ ಹೋಗಲಿಲ್ಲ. ನೀರು ಹೊಸ ಮಣ್ಣಿನ ದಿಬ್ಬದ ಬುಡವನ್ನು ಸುತ್ತಿಕೊಂಡು ನಿಂತಿತು. ಒಣಗಿದ್ದ ಮಣ್ಣು ಅದನ್ನು ಕುಡಿಯುತ್ತಾ ಅಂಚಿನಿಂದ ಕಪ್ಪಾಗತೊಡಗಿತು.