ಹತ್ತಡಿ ಮೌನ

ಫಿಲ್ಮಿನ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುವ ಚಾಳಿ ನನಗೆ ಅಂಟಿದ್ದು ಅಚ್ಯುತರಾಯರಿಂದ. ಅವರು ನಿರ್ದೇಶಿಸಿದ ಹನ್ನೊಂದು ಚಿತ್ರಗಳಿಗೂ ನಾನೇ ಸಂಕಲನಕಾರ್ತಿ. ಎಂದರೆ, ಅವರು ಬೆವರು ಸುರಿಸಿ ತೆಗೆದದ್ದನ್ನು ಕತ್ತರಿಸಿ ಬೈಸಿಕೊಂಡವಳು.

ನಮ್ಮ ಜಗಳವೆಲ್ಲ ಮೌನದ ವಿಷಯಕ್ಕೆ. ಪಾತ್ರ ಮಾತು ನಿಲ್ಲಿಸಿದಲ್ಲೆಲ್ಲ ರಾಯರು, "ಇಲ್ಲಿ ಹತ್ತಡಿ ಫಿಲ್ಮು ಸುಮ್ನೆ ಬಿಡಮ್ಮಾ, ಜನ ಉಸಿರಾಡ್ಲಿ" ಎನ್ನುವರು. ಜನ ಉಸಿರಾಡುವುದಿಲ್ಲ, ಆಕಳಿಸುತ್ತಾರೆ ಎಂದು ನನ್ನ ವಾದ. ಎದುರಿಗೆ ಹೂಂ ಎಂದು, ಅವರು ಕಾಫಿಗೆ ಎದ್ದ ಕೂಡಲೇ ಆರಡಿಗೆ ಇಳಿಸಿಬಿಡುತ್ತಿದ್ದೆ. ಆಮೇಲೆ ಪತ್ರಿಕೆಗಳು 'ಅಚ್ಯುತರಾಯರ ಮೌನ' ಎಂದು ಕೊಂಡಾಡಿದವು. ಹೊಸ ನಿರ್ದೇಶಕರೆಲ್ಲ ಅದನ್ನೇ ಅನುಕರಿಸಿದರು. ಅದರಲ್ಲಿ ನಾಲ್ಕಡಿ ನಾನು ಕದ್ದಿದ್ದೇನೆಂದು ಒಬ್ಬರೂ ಬರೆಯಲಿಲ್ಲ.

ರಾಯರ ಹೆಂಡತಿ ಅಂಬುಜಮ್ಮ ದಿನವೂ ಮಧ್ಯಾಹ್ನ ಊಟದ ಕ್ಯಾರಿಯರ್ ಹಿಡಿದು ಚಿತ್ರೀಕರಣಕ್ಕೆ ಬರುತ್ತಿದ್ದರು. ನಾಯಕಿ ಬಣ್ಣ ಹಚ್ಚಿಕೊಳ್ಳುತ್ತಿದ್ದರೆ ದೀಪ ಸರಿಮಾಡಲು ಅವಳ ಜಾಗದಲ್ಲಿ ಯಾರಾದರೂ ನಿಲ್ಲಬೇಕಲ್ಲ? "ಏ, ಇಲ್ಲಿ ಸ್ವಲ್ಪ ನಿಂತ್ಕೊಳ್ಳೇ" ಎಂದು ರಾಯರು ಕರೆಯುವರು. ಆಕೆ ಕ್ಯಾರಿಯರ್ ಸಮೇತ ನಿಲ್ಲುವರು. ಫೋಟೊ ತೆಗೆಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆಂದು ನಂಬಿ, ಮದುವೆಯಲ್ಲೂ ಕ್ಯಾಮರಾಕ್ಕೆ ಬೆನ್ನು ತಿರುಗಿಸಿದ್ದ ಹೆಂಗಸು. ಕ್ಲಾಪ್ ಹೊಡೆಯುವ ತನಕ ಫಿಲ್ಮು ಓಡುವುದೇ ಇಲ್ಲವೆಂದು ತಿಳಿದಿದ್ದರು, ಪಾಪ. ಬೆಳಕಿನ ಪರೀಕ್ಷೆಗೆಂದು ಒಂದಿಷ್ಟು ಅಡಿ ಓಡುತ್ತಲೇ ಇತ್ತು. ಅದೆಲ್ಲ ನನ್ನ ಮೇಜಿಗೆ ಬಂದು ಕಸದ ಬುಟ್ಟಿ ಸೇರುತ್ತಿತ್ತು.

ಆಕೆ ತೀರಿಕೊಂಡ ಎಂಟನೆಯ ತಿಂಗಳು ರಾಯರು ನನ್ನ ಕೋಣೆಗೆ ಬಂದು ಕುರ್ಚಿಯಲ್ಲಿ ಕುಸಿದರು.

"ವರ್ಷದ ತಿಥಿಗೆ ಮಗಳು ಫೋಟೊ ಕೇಳ್ತಿದಾಳಮ್ಮಾ. ಒಂದೂ ಇಲ್ಲ. ಅದು ಹಾಳಾಗ್ಲಿ. ಮೊನ್ನೆ ಕಣ್ಮುಚ್ಚಿ ನೆನೆಸ್ಕೊಂಡೆ, ನಕ್ಕಾಗ ಕೆನ್ನೇಲಿ ಗುಳಿ ಬೀಳ್ತಿತ್ತೋ ಇಲ್ವೋ ಹೊಳೀಲೇ ಇಲ್ಲ. ಊರವರ ಮುಖವೆಲ್ಲ ತೋರಿಸ್ದೋನು ನಾನು! ಆ ಲೈಟಿನ ತುಂಡುಗಳು ಇದಾವೇನಮ್ಮಾ?"

"ಎಲ್ಲಾ ಕಸಕ್ಕೆ ಹೋಯ್ತು, ರಾಯರೇ."

ಅವರು ಎರಡು ಸಲ ತಲೆಯಾಡಿಸಿ ಎದ್ದು ಹೋದರು. ಆ ವಾರವೆಲ್ಲ ನನಗೆ ಅನ್ನ ಸೇರಲಿಲ್ಲ.

ಅದೇ ಶನಿವಾರ ಯಾರೋ ಅವರ ಹಳೆಯ ಚಿತ್ರದ ಹಾಡೊಂದು ಬೇಕೆಂದರು. ಚಿತ್ರವಿಲ್ಲದ, ಬರೀ ಸದ್ದಿರುವ ಧ್ವನಿಯ ಸುರುಳಿಯನ್ನು ಯಂತ್ರಕ್ಕೆ ಹಾಕಿದೆ. ಹಾಡು ಮುಗಿದು ಸದ್ದು ನಿಂತಿತು. ಓಡುವ ಸುರುಳಿಯಲ್ಲಿ ಸೀರೆಯ ಅಂಚೊಂದು ಕಂಡಂತಾಗಿ ಯಂತ್ರ ನಿಲ್ಲಿಸಿದೆ. ಅಯ್ಯೋ ನನ್ನ ಬುದ್ಧಿಗಿಷ್ಟು! ನಮ್ಮ ಕೆಲಸದ ರೂಢಿಯೇ ನನಗೆ ಮರೆತಿತ್ತು. ಧ್ವನಿಯ ಸುರುಳಿಯಲ್ಲಿ ಮಾತಿಲ್ಲದ ಜಾಗ ಬಂದರೆ, ಮೌನ ಎಷ್ಟಡಿಯೋ ಅಷ್ಟೇ ಉದ್ದಕ್ಕೆ ಕಸದ ಬುಟ್ಟಿಯಿಂದ ಬೇಡದ ಚಿತ್ರದ ತುಂಡು ಹೆಕ್ಕಿ ಅಂಟಿಸುತ್ತಿದ್ದೆವು. ಅದು ತೆರೆಯ ಮೇಲೆ ಕಾಣುವುದಿಲ್ಲ, ಕಿವಿಗೂ ಕೇಳುವುದಿಲ್ಲ. ಕಿಟಕಿಗೆ ಹಿಡಿದು ನೋಡಿದೆ. ಕ್ಯಾರಿಯರ್ ಹಿಡಿದುಕೊಂಡು ಅಂಬುಜಮ್ಮ ನಿಂತಿದ್ದರು.

ಹೇಳಿಕಳಿಸಿದ್ದೇ ತಡ, ರಾಯರು ಬರಿಗಾಲಲ್ಲಿ ಬಂದರು. ಸುರುಳಿಯನ್ನು ಯಂತ್ರದ ಚಿತ್ರ ಕಾಣುವ ಕಡೆ ಹಾಕಿ ಓಡಿಸಿದೆ. ಪುಟ್ಟ ಪರದೆಯಲ್ಲಿ ಅಂಬುಜಮ್ಮ ಬೆಳಕಿಗೆ ಕಣ್ಣು ಕಿರಿದು ಮಾಡಿದರು, ಸೆರಗು ಎಳೆದುಕೊಂಡರು, ಎದುರಿದ್ದವರಿಗೆ ಏನೋ ಗದರಿದರು.

"ಬೈತಿದಾಳೆ ನೋಡು, ಸಾರು ಆರಿಹೋಗತ್ತೆ ಅಂತ" ಎಂದು ರಾಯರು ಅಳುತ್ತಲೇ ನಕ್ಕರು.

ಆಕೆಯ ತುಟಿ ನಗಲೆಂದು ಅರಳಿತು. ಅಷ್ಟರಲ್ಲಿ ತುಂಡು ಮುಗಿಯಿತು.

"ಇಲ್ಲಿ ಹತ್ತಡಿ ಇರ್ಬೇಕಿತ್ತಲ್ಲಮ್ಮಾ?"

"ಆರೇ ಬಿಟ್ಟಿದ್ದೆ, ರಾಯರೇ. ಎಲ್ಲಾ ಕಡೆಯೂ."

"ಗೊತ್ತು ಕಣಮ್ಮಾ. ನೀನು ಕತ್ತರಿಸ್ತೀಯ ಅಂತ್ಲೇ ಆರು ಬೇಕಾದಾಗ ನಾನು ಹತ್ತು ಕೇಳ್ತಿದ್ದದ್ದು." ಖಾಲಿ ಪರದೆಯಿಂದ ಕಣ್ಣು ತೆಗೆಯದೆ ಅವರು ಹೇಳಿದರು, "ಇದೊಂದು ಕಡೆ ನನ್ನ ಮಾತು ಕೇಳ್ಬಾರ್ದಿತ್ತೇ?"

ಇಂದಿಗೂ ಆ ಮಾತು ನನ್ನನ್ನು ಚುಚ್ಚುತ್ತದೆ.

ಹನ್ನೊಂದು ಚಿತ್ರಗಳ ಧ್ವನಿಸುರುಳಿಯ ಡಬ್ಬಿಗಳನ್ನೂ ಕೆಳಗಿಳಿಸಿದೆವು. ಮೌನ ಬಂದಲ್ಲೆಲ್ಲ ನಿಲ್ಲಿಸಿ ಹುಡುಕಿದೆವು. ಎಷ್ಟೋ ಕಡೆ ಬರೀ ಗೋಡೆ, ಯಾರದೋ ಕೈ, ಖಾಲಿ ಕುರ್ಚಿ. ಎಂಟು ದಿನ ಕಳೆದ ಮೇಲೆ, ಏಳನೆಯ ಚಿತ್ರದಲ್ಲಿ ಮತ್ತೆ ಅಂಬುಜಮ್ಮ ಸಿಕ್ಕರು. ಅವತ್ತು ರಾಯರು ಕಾಫಿಗೆ ಎದ್ದಿರಲಿಲ್ಲವೆಂದು ಕಾಣುತ್ತದೆ. ಹತ್ತಡಿ ಪೂರ್ತಿ ಇತ್ತು. ಕೊನೆಕೊನೆಗೆ ಆಕೆ ನಕ್ಕರು. ಎರಡೂ ಕೆನ್ನೆಗಳಲ್ಲಿ ಗುಳಿ ಬಿತ್ತು.

ಮಗಳಿಗೆ ಫೋಟೊ ಮಾಡಿಸಿಕೊಡೋಣವೆಂದು ಅಭ್ಯಾಸಬಲದಿಂದ ಕತ್ತರಿ ಎತ್ತಿದೆ.

"ಬೇಡಮ್ಮಾ, ಕತ್ತರಿಸದೆ ಹಾಗೇ ಇಟ್ಟು ಒಂದು ಪ್ರತಿ ತೆಗೆಸು" ಎಂದು ರಾಯರು ನನ್ನ ಕೈಯಿಂದ ಸುರುಳಿಯನ್ನು ತೆಗೆದುಕೊಂಡರು. ಕಿಟಕಿಯ ಬಳಿ ಹೋಗಿ ಆ ಹತ್ತಡಿಯನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನಿಂತರು. ನಾನು ಕತ್ತರಿಯನ್ನು ಮೇಜಿನ ಮೇಲಿಟ್ಟು, ಅವರು ಸಾಕೆನ್ನುವ ತನಕ ಕಾದೆ.